ಆನ್‌ಲೈನ್ ಹಣಕಾಸು ವಂಚನೆ ಮತ್ತು ನಕಲಿ ಜಾಲತಾಣ: ಹೊನ್ನಾಳಿ ಸೀಮೆಯನ್ನು ಕುರಿತ ಸಮೀಕ್ಷೆ

ಮೊಬೈಲ್ ಅಥವಾ ಕಂಪ್ಯೂಟರ್ ಜಾಲದ ಮೂಲಕ ಬೇರೊಬ್ಬರ ಹೆಸರನ್ನೋ ಸಂಸ್ಥೆಯ ಮುದ್ರೆಯನ್ನೋ ಅಧಿಕಾರಿಯ ವೇಷವನ್ನೋ ಧರಿಸಿ, ಖಾತೆದಾರನ ಹಣವನ್ನು ಅವನಿಗೆ ತಿಳಿಯದಂತೆ ತೆಗೆಯುವುದನ್ನು ಅಥವಾ ಅವನೇ ತನ್ನ ಕೈಯಾರೆ ಕಳಿಸುವಂತೆ ಮಾಡುವುದನ್ನು ಆನ್‌ಲೈನ್ ಹಣಕಾಸು ವಂಚನೆ ಎಂದು ಕರೆಯಲಾಗುತ್ತದೆ. ಈ ಎರಡರಲ್ಲಿ ಎರಡನೆಯದೇ ಹೆಚ್ಚು ಪ್ರಚಲಿತವಾದದ್ದು, ಪರಿಹಾರಕ್ಕೆ ಹೆಚ್ಚು ಕಷ್ಟವಾದದ್ದೂ ಅದೇ. ಬ್ಯಾಂಕಿನ ಕಂಪ್ಯೂಟರನ್ನು ಭೇದಿಸುವುದಕ್ಕೆ ವಿದ್ಯೆ ಬೇಕು, ಖಾತೆದಾರನನ್ನು ಗಾಬರಿಪಡಿಸುವುದಕ್ಕೆ ಒಂದು ಫೋನ್ ಸಾಕು. ನಕಲಿ ಜಾಲತಾಣವೆಂಬುದು ಈ ವಂಚನೆಯ ಒಂದು ಮುಖ್ಯ ಉಪಕರಣ. ಬ್ಯಾಂಕು, ಸರ್ಕಾರಿ ಇಲಾಖೆ ಅಥವಾ ಅಂಗಡಿಯ ನಿಜವಾದ ತಾಣವನ್ನು ಹೋಲುವಂತೆ ಪುಟಗಳನ್ನು ಕಟ್ಟಿ, ಅಲ್ಲಿಗೆ ಬಂದವರಿಂದ ಪಾಸ್‌ವರ್ಡ್, ಒಟಿಪಿ ಅಂದರೆ ಒಂದೇ ಬಾರಿಗೆ ಸಲ್ಲುವ ಗುಪ್ತಸಂಖ್ಯೆ, ಇಲ್ಲವೇ ನೇರವಾಗಿ ಹಣವನ್ನೇ ಪಡೆಯುವ ಈ ವಿಧಾನಕ್ಕೆ ಫಿಶಿಂಗ್ ಎಂಬ ಹೆಸರಿದೆ. ಗಾಳ ಹಾಕಿ ಮೀನು ಹಿಡಿಯುವ ಹೋಲಿಕೆಯಿಂದ ಬಂದ ಮಾತು ಅದು.

ಕೇಂದ್ರ ಗೃಹ ಸಚಿವಾಲಯವು 2025ರ ಜುಲೈನಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಂತೆ, ಇಂಥ ವಂಚನೆಗಳಲ್ಲಿ ಭಾರತೀಯರು 2023ರಲ್ಲಿ ಕಳೆದುಕೊಂಡ ಮೊತ್ತ ಸುಮಾರು 7,465 ಕೋಟಿ ರೂಪಾಯಿಯಾದರೆ, 2024ರಲ್ಲಿ ಅದು ಸುಮಾರು 22,845 ಕೋಟಿ ರೂಪಾಯಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು ಎಂಬ ಈ ಏರಿಕೆಯಲ್ಲಿ ದೂರು ಕೊಡುವವರ ಸಂಖ್ಯೆ ಹೆಚ್ಚಿದ್ದರ ಪಾಲೂ ಇರಬಹುದು. ಆದರೆ ಮರ್ಯಾದೆಗೆ ಅಂಜಿ ಠಾಣೆಯ ಮೆಟ್ಟಿಲು ಹತ್ತದವರ ಲೆಕ್ಕ ಇದರಲ್ಲಿ ಸೇರಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕಾಗುತ್ತದೆ.

ಸೀಮೆ ಮತ್ತು ಹಣದ ಹಾದಿ

ಈ ಲೇಖನದ ಕೇಂದ್ರವಾದ ಹೊನ್ನಾಳಿ, ತುಂಗಭದ್ರೆಯ ದಡದಲ್ಲಿ ದಾವಣಗೆರೆಗೂ ಶಿವಮೊಗ್ಗಕ್ಕೂ ನಡುವೆ ಇರುವ ಪಟ್ಟಣ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿಯು ಮುಂದೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಭದ್ರಾ ನಾಲೆಯ ನೀರಿನ ಭತ್ತ, ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಬೆದ್ದಲು ಭೂಮಿಯ ಮೆಕ್ಕೆಜೋಳ ಮತ್ತು ಈರುಳ್ಳಿ, ಹೀಗೆ ಬೇರೆ ಬೇರೆ ಬದುಕಿನ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಸಂಗತಿ ಸಮಾನವಾಗಿದೆ. ಹಣವು ತಿಂಗಳ ಸಂಬಳದ ಹಾಗೆ ಒಂದೇ ಸಮನೆ ಬರುವುದಿಲ್ಲ. ಸುಗ್ಗಿಯಲ್ಲಿ, ಅಡಿಕೆ ಮಾರಿದಾಗ, ಬೆಳೆಸಾಲ ಮಂಜೂರಾದಾಗ, ಜಮೀನು ಕೊಟ್ಟಾಗ ಒಮ್ಮೆಗೇ ಬರುತ್ತದೆ. ಆ ವಾರಗಳಲ್ಲಿ ಖಾತೆಯಲ್ಲಿ ನಿಂತಿರುವ ಮೊತ್ತವು ವರ್ಷವಿಡೀ ಮನೆ ನಡೆಸಬೇಕಾದ ಮೊತ್ತವಾದ್ದರಿಂದ, ನಗರದ ನೌಕರನೊಬ್ಬ ಕಳೆದುಕೊಳ್ಳುವ ಅಷ್ಟೇ ರೂಪಾಯಿಗಿಂತ ರೈತನ ನಷ್ಟದ ಪರಿಣಾಮ ದೊಡ್ಡದು.

ಹಿಂದೆ ಈ ಹಣವು ಕಣ್ಣಿಗೆ ಕಾಣುವ ಕೈಗಳ ಮೂಲಕ ದಾಟುತ್ತಿತ್ತು. ಮಂಡಿಯ ಸಾಹುಕಾರ, ಸೊಸೈಟಿಯ ಕಾರ್ಯದರ್ಶಿ, ಅಂಚೆಯಣ್ಣ, ಬ್ಯಾಂಕಿನ ಕ್ಯಾಷಿಯರ್ ಇವರೆಲ್ಲ ಮುಖಪರಿಚಯದವರು. ಅವರಲ್ಲೂ ತೂಕದಲ್ಲಿ, ಬಡ್ಡಿಯಲ್ಲಿ ಮೋಸ ಮಾಡುವವರು ಇರಲಿಲ್ಲವೆಂದಲ್ಲ. ಆದರೆ ಮೋಸ ಮಾಡಿದವನ ಮನೆ ಯಾವ ಕೇರಿಯಲ್ಲಿದೆ ಎಂಬುದು ಗೊತ್ತಿರುತ್ತಿತ್ತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್ 11ರಂದು ಪರಿಚಯಿಸಿದ ಯುಪಿಐ, ಅಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಮೊಬೈಲಿನಿಂದಲೇ ತಕ್ಷಣ ಹಣ ಕಳಿಸುವ ವ್ಯವಸ್ಥೆ, ಕೆಲವೇ ವರ್ಷಗಳಲ್ಲಿ ಸಂತೆಯ ಸೊಪ್ಪಿನ ಬುಟ್ಟಿಯವರೆಗೂ ತಲುಪಿತು. "ಫೋನ್‌ಪೇ ಮಾಡು" ಎಂಬುದು ಯಾವ ಕಂಪನಿಯ ಆ್ಯಪ್ ಇದ್ದರೂ ಹಣ ಕಳಿಸುವುದಕ್ಕೆ ಬಳಸುವ ಕ್ರಿಯಾಪದವೇ ಆಯಿತು. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಕಂತು, 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ, ಬೆಳೆ ಪರಿಹಾರ ಇವೆಲ್ಲವೂ ನೇರವಾಗಿ ಖಾತೆಗೆ ಬರುವಂತಾದವು. ಇದು ನಿಸ್ಸಂದೇಹವಾಗಿ ಒಳ್ಳೆಯ ಬದಲಾವಣೆ. ಆದರೆ ಕಂತು ಬಂತೇ ಇಲ್ಲವೇ, ಇ-ಕೆವೈಸಿ ಆಗಿದೆಯೇ ಇಲ್ಲವೇ ಎಂಬ ಆತಂಕವನ್ನೂ ಅದು ಪ್ರತಿ ಮನೆಯೊಳಕ್ಕೆ ತಂದಿತು, ಮತ್ತು ವಂಚಕರು ಕೈ ಹಾಕಿದ್ದು ಈ ಆತಂಕಕ್ಕೇ. ಇ-ಕೆವೈಸಿ ಎಂದರೆ ಖಾತೆದಾರನ ಗುರುತನ್ನು ಆಧಾರ್ ಮೂಲಕ ಮತ್ತೆ ದೃಢಪಡಿಸುವ ಕ್ರಮ. ಅದನ್ನು ಮಾಡಿಸದಿದ್ದರೆ ಕಂತು ನಿಲ್ಲುತ್ತದೆ ಎಂಬುದು ನಿಜವಾದ್ದರಿಂದಲೇ, ಅದೇ ಮಾತನ್ನು ಆಡುವ ಸುಳ್ಳು ಸಂದೇಶವೂ ನಿಜವೆನಿಸುತ್ತದೆ.

ನಕಲಿ ತಾಣದ ರಚನೆ

ನಕಲಿ ತಾಣವನ್ನು ಅದರ ಮುಖ ನೋಡಿ ಗುರುತಿಸಬಹುದೆಂಬ ನಂಬಿಕೆ ಇಂದು ಉಪಯೋಗಕ್ಕೆ ಬರುವುದಿಲ್ಲ. ಅಶೋಕಸ್ತಂಭದ ಲಾಂಛನ, ಮುಖ್ಯಮಂತ್ರಿ ಮತ್ತು ಪ್ರಧಾನಮಂತ್ರಿಯ ಭಾವಚಿತ್ರ, ಬ್ಯಾಂಕಿನ ಬಣ್ಣ, ಎಲ್ಲವನ್ನೂ ನಿಜವಾದ ತಾಣದಿಂದ ಕೆಲವೇ ನಿಮಿಷಗಳಲ್ಲಿ ನಕಲು ಮಾಡಬಹುದು. ಕನ್ನಡದ ಕಾಗುಣಿತ ತಪ್ಪುಗಳನ್ನು ಹುಡುಕುವುದೂ ಭದ್ರವಾದ ದಾರಿಯಲ್ಲ, ಏಕೆಂದರೆ ಅನುವಾದ ಯಂತ್ರಗಳು ಸುಧಾರಿಸಿವೆ. ಅಸಲಿ ಸರ್ಕಾರಿ ತಾಣಗಳ ಕನ್ನಡವೂ ಎಷ್ಟೋ ವೇಳೆ ಹೆಮ್ಮೆಪಡುವಂತಿರುವುದಿಲ್ಲ. ವಿಳಾಸಪಟ್ಟಿಯ ಎಡಬದಿಯಲ್ಲಿ ಕಾಣುತ್ತಿದ್ದ ಬೀಗದ ಚಿತ್ರವನ್ನು ನೋಡಿ ತಾಣ ಸಾಚಾ ಎಂದು ತಿಳಿಯುವ ರೂಢಿಯೂ ತಪ್ಪು. ನೋಡುವವನಿಗೂ ತಾಣಕ್ಕೂ ನಡುವಿನ ಮಾತುಕತೆಯನ್ನು ಮೂರನೆಯವರು ಕದ್ದು ಓದಲಾರರು ಎಂದಷ್ಟೇ ಆ ಬೀಗ ಹೇಳುತ್ತಿತ್ತು, ತಾಣದ ಒಡೆಯ ಸಜ್ಜನ ಎಂದಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರ ಯಾರಿಗಾದರೂ ಪುಕ್ಕಟೆ ಸಿಗುವಂತಾದ ಮೇಲೆ ಕಳ್ಳರೂ ಬೀಗ ಹಾಕಿಕೊಂಡರು. ಈ ತಪ್ಪು ತಿಳಿವಳಿಕೆಯ ಕಾರಣದಿಂದಲೇ ಗೂಗಲ್ ಸಂಸ್ಥೆ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಚಿತ್ರವನ್ನು ತೆಗೆದುಹಾಕಿತು.

ನಂಬಬಹುದಾದ ಗುರುತು ವಿಳಾಸ ಒಂದೇ, ಮತ್ತು ಅದನ್ನು ಓದುವುದಕ್ಕೆ ಒಂದು ಕ್ರಮವಿದೆ. ತಾಣದ ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ ಬರುವ ತನಕದ ಭಾಗವನ್ನು ತೆಗೆದುಕೊಂಡು, ಅದನ್ನು ಬಲದಿಂದ ಎಡಕ್ಕೆ ಓದಬೇಕು. ಅಂಚೆಯ ವಿಳಾಸದಲ್ಲಿ ಕಡೆಗೆ ಬರುವ ಊರು ಮತ್ತು ಜಿಲ್ಲೆಯೇ ಕಾಗದ ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವ ಹಾಗೆ, ಇಲ್ಲಿಯೂ ತುದಿಯ ಭಾಗವೇ ನಿರ್ಣಾಯಕ. ಕರ್ನಾಟಕ ಸರ್ಕಾರದ ಸೇವಾಸಿಂಧು ತಾಣದ ವಿಳಾಸ "ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್" ಎಂದು ಮುಗಿಯುತ್ತದೆ. ಪಹಣಿ ಸಿಗುವ ಭೂದಾಖಲೆಗಳ ತಾಣವೂ ಹಾಗೆಯೇ. "ಜಿಒವಿ ಡಾಟ್ ಇನ್" ಎಂಬ ತುದಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ವಂಚಕನಿಗೆ ಇದು ಗೊತ್ತು, ಆದ್ದರಿಂದ ಅವನು ಅದೇ ಅಕ್ಷರಗಳನ್ನು ವಿಳಾಸದ ನಡುವೆ ತುರುಕುತ್ತಾನೆ. ಯೋಜನೆಯ ಹೆಸರು, ಆಮೇಲೆ "ಜಿಒವಿ ಡಾಟ್ ಇನ್", ಅದಾದ ಮೇಲೆ ಒಂದು ಅಡ್ಡಗೆರೆಯೋ ಚುಕ್ಕಿಯೋ ಬಂದು, ಕಡೆಗೆ "ಡಾಟ್ ಕಾಮ್" ಅಥವಾ "ಡಾಟ್ ಆನ್‌ಲೈನ್" ಎಂದು ಮುಗಿದರೆ, ಅದು ಸರ್ಕಾರದ ತಾಣವಲ್ಲ. ಸರ್ಕಾರದ ಹೆಸರನ್ನು ಬಾಗಿಲಿಗೆ ಬರೆದುಕೊಂಡ ಖಾಸಗಿ ಮನೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ವಿಳಾಸದ ಮೊದಲ ಭಾಗವಷ್ಟೇ ಕಂಡು ತುದಿ ಮರೆಯಾಗುವುದರಿಂದ ಈ ಉಪಾಯ ಫಲಿಸುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಇದೇ ತತ್ತ್ವವನ್ನು ಆಧರಿಸಿದ ಕ್ರಮ ಕೈಗೊಂಡಿದೆ. 2025ರ ಫೆಬ್ರುವರಿಯಲ್ಲಿ ಇದನ್ನು ಪ್ರಕಟಿಸಿ, ಆಮೇಲೆ ದೇಶದ ಬ್ಯಾಂಕುಗಳೆಲ್ಲ ಅದೇ ವರ್ಷದ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು "ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ವಿಳಾಸಕ್ಕೆ ಬದಲಾಯಿಸಬೇಕೆಂದು ಅದು ಸೂಚಿಸಿತು. ಈ ತುದಿಯನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನಲ್ಲಿರುವ, ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ ಇದೆ. ವರ್ಷಗಟ್ಟಲೆ ನಡೆದ ಜಾಗೃತಿ ಭಾಷಣಗಳಿಗಿಂತ ಈ ಒಂದು ನಿಯಮ ಹೆಚ್ಚು ಉಪಯುಕ್ತವೆಂದು ಹೇಳಬಹುದು, ಏಕೆಂದರೆ ಇದು ಜನರಿಂದ ಅನುಮಾನಪಡುವ ಜಾಣ್ಮೆಯನ್ನು ಕೇಳುವುದಿಲ್ಲ, ಒಂದು ತುದಿಯನ್ನು ನೆನಪಿಡುವುದನ್ನಷ್ಟೇ ಕೇಳುತ್ತದೆ.

ನಕಲಿ ತಾಣಗಳು ಹಳ್ಳಿಯ ಅಗತ್ಯವನ್ನು ಎಷ್ಟು ಹತ್ತಿರದಿಂದ ಬಲ್ಲವು ಎಂಬುದಕ್ಕೆ ಪಿಎಂ ಕುಸುಮ್ ಯೋಜನೆಯ ಉದಾಹರಣೆ ಸಾಕು. ಸೌರ ಪಂಪ್‌ಸೆಟ್ಟಿಗೆ ಸಹಾಯಧನ ಕೊಡುವ ಈ ಯೋಜನೆಯ ಹೆಸರಿನಲ್ಲಿ ತಾಣಗಳನ್ನು ತೆರೆದು, ನೋಂದಣಿ ಶುಲ್ಕವೆಂದು ರೈತರಿಂದ ಹಣ ಪಡೆಯಲಾಗುತ್ತಿದೆಯೆಂದು ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯವು ಒಂದಕ್ಕಿಂತ ಹೆಚ್ಚು ಬಾರಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿದೆ. ಬೋರ್‌ವೆಲ್ಲಿನ ಮೇಲೆಯೇ ಬದುಕಿರುವ ಜಗಳೂರಿನಂಥ ತಾಲ್ಲೂಕಿನ ರೈತನಿಗೆ, ಕರೆಂಟಿನ ಹಂಗಿಲ್ಲದ ಪಂಪ್ ಎಂಬ ಮಾತು ಎಷ್ಟು ಆಕರ್ಷಕ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ದರದ ಟ್ರ್ಯಾಕ್ಟರ್, ಆಧಾರ್ ಇದ್ದರೆ ಸಾಕೆನ್ನುವ ಸಾಲ, ಹೊಲದಲ್ಲಿ ಮೊಬೈಲ್ ಟವರ್ ನಿಲ್ಲಿಸಿದರೆ ತಿಂಗಳ ಬಾಡಿಗೆ, ಇವೂ ಇದೇ ಜಾತಿಯವು. ಎಲ್ಲದರಲ್ಲಿಯೂ ಸೂತ್ರ ಒಂದೇ: ದೊಡ್ಡ ಲಾಭ ಬರುವ ಮುನ್ನ ಒಂದು ಸಣ್ಣ ಶುಲ್ಕ, ಆಮೇಲೆ ಇನ್ನೊಂದು, ಮತ್ತೊಂದು. ಇಂಥ ತಾಣದಲ್ಲಿ ಹೆಸರು, ನಂಬರು ಬರೆದವನಿಗೆ ಹಣ ಹೋಗದಿದ್ದರೂ ಅವನ ವಿವರ ಹೋಗಿರುತ್ತದೆ. ಮುಂದಿನ ತಿಂಗಳು ಬರುವ ಕರೆಯಲ್ಲಿ ವಂಚಕನು ಅವನನ್ನು ಹೆಸರು ಹಿಡಿದು ಮಾತನಾಡಿಸುವುದು ಆ ಬಲದಿಂದಲೇ.

ವಂಚನೆಯ ಬಗೆಗಳು

ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕಚೇರಿಯು 2022ರಲ್ಲಿ "ರಾಜು ಮತ್ತು ನಲವತ್ತು ಕಳ್ಳರು" ಎಂಬ ಅರ್ಥದ ಹೆಸರಿನ ಚಿತ್ರಪುಸ್ತಿಕೆಯೊಂದನ್ನು ಹೊರತಂದು, ನಲವತ್ತು ಬಗೆಯ ವಂಚನೆಗಳನ್ನು ವಿವರಿಸಿತು. ಇಂದು ಪಟ್ಟಿ ಮಾಡಿದರೆ ನಲವತ್ತು ಸಾಲದು. ಆದರೆ ವೇಷಗಳು ಎಷ್ಟಿದ್ದರೂ ಒಳಗಿನ ಕೈಚಳಕಗಳು ಕೆಲವೇ.

ಅತ್ಯಂತ ಸರಳವಾದದ್ದು ಕ್ಯುಆರ್ ಕೋಡಿನ ವಂಚನೆ. ಹಸುವನ್ನೋ ಹಳೆಯ ಟಿಲ್ಲರನ್ನೋ ಮಾರಾಟಕ್ಕಿದೆಯೆಂದು ಮೊಬೈಲಿನಲ್ಲಿ ಜಾಹೀರಾತು ಹಾಕಿದವನಿಗೆ, ಸೈನ್ಯದಲ್ಲಿದ್ದೇನೆಂದು ಹೇಳಿಕೊಳ್ಳುವ ಒಬ್ಬನು ಕರೆಮಾಡಿ, ಚೌಕಾಸಿಯನ್ನೇ ಮಾಡದೆ ಬೆಲೆಗೆ ಒಪ್ಪಿ, ಮುಂಗಡ ಕಳಿಸುತ್ತೇನೆಂದು ಒಂದು ಚೌಕಾಕೃತಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಅದನ್ನು ಸ್ಕ್ಯಾನ್ ಮಾಡಿದರೆ ಪರದೆಯ ಮೇಲೆ ಒಂದು ಮೊತ್ತವೂ ಅದರ ಕೆಳಗೆ ಪಿನ್ ಹಾಕುವ ಚುಕ್ಕಿಗಳೂ ಮೂಡುತ್ತವೆ. ಮಾರುವವನು ಬರುವ ಹಣವೆಂದು ಭಾವಿಸಿ ಪಿನ್ ಒತ್ತುತ್ತಾನೆ, ಹಣ ಹೋಗುತ್ತದೆ. ಯುಪಿಐ ಪಿನ್ ಎಂಬುದು ಚೆಕ್ಕಿನ ಮೇಲಿನ ಸಹಿಗೆ ಸಮ. ಹಣ ಕೊಡುವವನು ಸಹಿ ಹಾಕುತ್ತಾನೆಯೇ ಹೊರತು ಪಡೆಯುವವನಲ್ಲ. ಹಣ ಬರಲು ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. "ಹಣ ಕೊಡಿ" ಎಂಬ ಕೋರಿಕೆಯನ್ನು ಅಪರಿಚಿತರಿಗೆ ಕಳಿಸುವ ಸೌಲಭ್ಯವನ್ನು ವಂಚಕರು ಇದೇ ರೀತಿ ದುರುಪಯೋಗಪಡಿಸಿಕೊಳ್ಳುತ್ತಿದ್ದುದರಿಂದ, ವ್ಯಕ್ತಿಗಳ ನಡುವಿನ ಆ ಸೌಲಭ್ಯವನ್ನು ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಇದರ ತಿರುಗುಮುರುಗು ರೂಪವೂ ಉಂಟು. ಅಂಗಡಿಯಲ್ಲಿ ಸಾಮಾನು ಕೊಂಡವನು ನಕಲಿ ಆ್ಯಪಿನ ಹಸಿರು ಗುರುತನ್ನು ತೋರಿಸಿ ಹೋಗುವುದು; ಅಂಗಡಿಯವರು ತಮ್ಮ ಸೌಂಡ್‌ಬಾಕ್ಸ್ ಕೂಗುವ ತನಕ ಕಾಯುವುದು ಇದರಿಂದಲೇ.

ಎರಡನೆಯದು ಎಪಿಕೆ ಕಡತದ ವಂಚನೆ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಕಡತಕ್ಕೆ ಎಪಿಕೆ ಎಂದು ಹೆಸರು. ಮದುವೆಯ ಕರೆಯೋಲೆ, ಸಂಚಾರ ನಿಯಮ ಉಲ್ಲಂಘನೆಯ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರು ಹೊತ್ತು ವಾಟ್ಸಾಪ್ ಗುಂಪುಗಳಲ್ಲಿ ಇದು ಬರುತ್ತದೆ. ಕಳಿಸಿದವರು ಅನೇಕ ವೇಳೆ ಪರಿಚಿತರೇ ಆಗಿರುತ್ತಾರೆ, ಏಕೆಂದರೆ ಅವರ ಫೋನು ಆಗಲೇ ವಂಚಕರ ವಶವಾಗಿರುತ್ತದೆ. ಅದನ್ನು ತೆರೆದು ಅನುಮತಿ ಕೊಟ್ಟರೆ, ಫೋನಿಗೆ ಬರುವ ಎಸ್‌ಎಂಎಸ್‌ಗಳು, ಅವುಗಳೊಳಗಿನ ಒಟಿಪಿಗಳು, ದೂರದಲ್ಲಿರುವವನಿಗೂ ಕಾಣತೊಡಗುತ್ತವೆ. ಪರದೆಯನ್ನು ಹಂಚಿಕೊಳ್ಳುವ ಎನಿಡೆಸ್ಕ್‌ನಂಥ ಆ್ಯಪುಗಳನ್ನು ಸಹಾಯದ ನೆಪದಲ್ಲಿ ಹಾಕಿಸಿ ಹಣ ಕದಿಯುವ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಲಗ್ನಪತ್ರಿಕೆಯು ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಫೋನಿನಲ್ಲಿ ಸ್ಥಾಪಿಸಿಕೊಳ್ಳಬೇಕಾದ ಲಗ್ನಪತ್ರಿಕೆ ಎಂಬುದಿಲ್ಲ.

ದಾವಣಗೆರೆ ಜಿಲ್ಲೆಯು ಬೆಸ್ಕಾಂ ವ್ಯಾಪ್ತಿಗೆ ಸೇರಿದ್ದು, ಆ ಕಂಪನಿಯ ಹೆಸರಿನಲ್ಲಿ ಹರಿದಾಡಿದ ಕರೆಂಟು ಬಿಲ್ಲಿನ ಸಂದೇಶ ಇನ್ನೊಂದು ಬಗೆಯದು. ಹಿಂದಿನ ತಿಂಗಳ ಬಿಲ್ಲು ದಾಖಲಾಗಿಲ್ಲ, ಇಂದು ರಾತ್ರಿ ಒಂಬತ್ತೂವರೆಗೆ ಸಂಪರ್ಕ ಕಡಿತಗೊಳಿಸಲಾಗುವುದು, ತಕ್ಷಣ ಈ ಅಧಿಕಾರಿಗೆ ಕರೆಮಾಡಿ ಎಂದು ಹತ್ತಂಕಿಯ ಖಾಸಗಿ ನಂಬರು ಕೊಟ್ಟಿರುತ್ತದೆ. ಈ ಪುಟ್ಟ ಸಂದೇಶದ ಕಟ್ಟಡವನ್ನು ಗಮನಿಸಬೇಕು. ಇಲಾಖೆಯ ಹೆಸರು, ಸಣ್ಣದೊಂದು ತಪ್ಪು, ಹತ್ತಿರದಲ್ಲೇ ಇರುವ ಗಡುವು, ಕಚೇರಿ ಮುಚ್ಚಿರುವ ಹೊತ್ತು. ಬೆಳಗಾಗುವ ತನಕ ಕಾದು ಲೈನ್‌ಮನ್‌ನನ್ನು ಕೇಳಿದರೆ ಸುಳ್ಳು ಬಯಲಾಗುತ್ತದೆ, ಆದ್ದರಿಂದಲೇ ಬೆಳಗಾಗಲು ಬಿಡುವುದಿಲ್ಲ. ಬೆಸ್ಕಾಂನ ಸಹಾಯವಾಣಿ 1912. ಗೂಗಲ್‌ನಲ್ಲಿ ಹುಡುಕಿ ಸಿಗುವ ಕಸ್ಟಮರ್ ಕೇರ್ ನಂಬರುಗಳಲ್ಲಿ ವಂಚಕರೇ ಹಾಕಿಟ್ಟವೂ ಇರುವುದರಿಂದ, ನಂಬರನ್ನು ಬಿಲ್ಲಿನ ಮೇಲಿಂದ ಅಥವಾ ಪಾಸ್‌ಬುಕ್ಕಿನಿಂದ ತೆಗೆದುಕೊಳ್ಳುವುದು ಕ್ಷೇಮ.

ಗಾಬರಿಯ ಈ ತಂತ್ರ ತನ್ನ ತುದಿ ಮುಟ್ಟಿರುವುದು "ಡಿಜಿಟಲ್ ಅರೆಸ್ಟ್" ಎಂಬ ವಂಚನೆಯಲ್ಲಿ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ಸಾಗಿಸಲಾಗಿದೆ ಎಂದು ಕರೆ ಆರಂಭವಾಗಿ, ವೀಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರದವನೂ ನ್ಯಾಯಾಲಯದಂತೆ ಸಜ್ಜುಗೊಳಿಸಿದ ಕೋಣೆಯೂ ಕಾಣಿಸಿ, ಕರೆ ಕಡಿಯಬಾರದು, ಮನೆಯವರಿಗೂ ಹೇಳಬಾರದು ಎಂದು ದಿನಗಟ್ಟಲೆ ಕೂಡಿಹಾಕಿ, ತನಿಖೆ ಮುಗಿಯುವ ತನಕ ಹಣವನ್ನು "ಸರ್ಕಾರಿ ಖಾತೆ"ಗೆ ಹಾಕಿಸಿಕೊಳ್ಳಲಾಗುತ್ತದೆ. ಇಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್ 27ರ "ಮನ್ ಕಿ ಬಾತ್" ಭಾಷಣದಲ್ಲಿ ಪ್ರಧಾನಮಂತ್ರಿಯೇ ಇದನ್ನು ಸ್ಪಷ್ಟಪಡಿಸಿದರು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು 2025ರ ಡಿಸೆಂಬರ್ 1ರಂದು ದೇಶಾದ್ಯಂತದ ತನಿಖೆಯನ್ನು ಸಿಬಿಐಗೆ ವಹಿಸಿತು. ಕರ್ನಾಟಕದಲ್ಲಿ ಇದರ ಕಠೋರ ಮುಖ ಕಂಡದ್ದು 2025ರ ಮಾರ್ಚ್‌ನಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ವೃದ್ಧ ದಂಪತಿ ಹೀಗೆ ಹಣ ಕಳೆದುಕೊಂಡು ಪ್ರಾಣ ಬಿಟ್ಟಾಗ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಊರ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವ ಸ್ಥಿತಿ ಹೊನ್ನಾಳಿ, ಚನ್ನಗಿರಿಯ ಹಳ್ಳಿಗಳಲ್ಲೂ ಅಪರೂಪವಲ್ಲ. "ಯಾರಿಗೂ ಹೇಳಬೇಡಿ" ಎಂಬ ಆ ಒಂದು ಮಾತೇ ವಂಚನೆಯ ಅತ್ಯಂತ ಖಚಿತ ಲಕ್ಷಣ, ಏಕೆಂದರೆ ಪಕ್ಕದ ಮನೆಯವನೊಬ್ಬ ಬಂದು ಪರದೆಯತ್ತ ಇಣುಕಿದರೂ ನಾಟಕ ಮುಗಿಯುತ್ತದೆ.

ಬೆರಳಚ್ಚಿನ ವಂಚನೆ ಮಾತ್ರ ಖಾತೆದಾರನ ತಪ್ಪೇನೂ ಇಲ್ಲದೆ ನಡೆಯುವಂಥದು. ಊರ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಒಟಿಪಿಯೂ ಪಿನ್ನೂ ಇಲ್ಲ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಖಾತೆಗಳಿಂದ ಈ ದಾರಿಯಲ್ಲಿ ಹಣ ಹೋದಾಗ, ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನ ನಕಲು ಬಳಕೆಯಾಗಿರುವುದು ತನಿಖೆಯಲ್ಲಿ ಕಂಡುಬಂತು. ಇದಕ್ಕೆ ರಕ್ಷಣೆಯೆಂದರೆ ಎಂಆಧಾರ್ ಆ್ಯಪಿನಲ್ಲಿ ಅಥವಾ ಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಟ್ಟು, ಬೇಕಾದಾಗ ಮಾತ್ರ ತೆರೆಯುವುದು. ಆಧಾರ್ ಸಹಾಯವಾಣಿ 1947.

ಷೇರು ಹೂಡಿಕೆಯ ವಾಟ್ಸಾಪ್ ಗುಂಪುಗಳು, ಟೆಲಿಗ್ರಾಮಿನಲ್ಲಿ ರೇಟಿಂಗ್ ಕೊಟ್ಟು ದಿನಕ್ಕಿಷ್ಟು ಗಳಿಸುವ ಕೆಲಸ, ಕ್ಷಣದಲ್ಲಿ ಸಾಲ ಕೊಟ್ಟು ಫೋನಿನೊಳಗಿನ ಫೋಟೊಗಳಿಂದ ಬೆದರಿಸುವ ಲೋನ್ ಆ್ಯಪುಗಳು, ಇವು ಓದಿದ ಯುವಕರನ್ನೇ ಹೆಚ್ಚಾಗಿ ಹಿಡಿಯುತ್ತವೆ. ಅನಕ್ಷರಸ್ಥರೇ ಮೋಸಹೋಗುತ್ತಾರೆಂಬ ಮಾತಿಗೆ ಆಧಾರವಿಲ್ಲ.

ಹಣ ಹೋಗುವ ದಾರಿ

ಈ ವಂಚನೆಯ ವೇಗವನ್ನು ತಿಳಿಯಲು ಇದೇ ಸೀಮೆಯ ಇನ್ನೊಂದು ಅಪರಾಧವನ್ನು ಪಕ್ಕದಲ್ಲಿಟ್ಟು ನೋಡಬಹುದು. 2024ರ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯ ಕಿಟಕಿಯ ಸರಳು ತೆಗೆದು ಒಳನುಗ್ಗಿದ ತಂಡವೊಂದು, ಗ್ಯಾಸ್ ಕಟರಿನಿಂದ ಲಾಕರ್ ಕೊಯ್ದು, ಗ್ರಾಹಕರು ಅಡವಿಟ್ಟಿದ್ದ ಸುಮಾರು 17.7 ಕಿಲೋ ಚಿನ್ನವನ್ನು ಹೊತ್ತೊಯ್ದಿತು. ಸಿಸಿಟಿವಿಯ ದಾಖಲೆಪೆಟ್ಟಿಗೆಯನ್ನೂ ಬಿಡದೆ, ಖಾರದ ಪುಡಿ ಚೆಲ್ಲಿ ಹೋಗಿತ್ತು. ಐದು ತಿಂಗಳ ತನಿಖೆಯ ನಂತರ ಆರೋಪಿಗಳು ಸಿಕ್ಕಿಬಿದ್ದು, ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಮುಳುಗಿಸಿಟ್ಟಿದ್ದ ಚಿನ್ನದ ಬಹುಪಾಲನ್ನು ದಾವಣಗೆರೆ ಪೊಲೀಸರು ಮೇಲೆತ್ತಿದರು. ಚಿನ್ನಕ್ಕೆ ತೂಕವಿದೆ, ಅದನ್ನು ಎಲ್ಲಾದರೂ ಇಡಲೇಬೇಕು, ಇಟ್ಟ ಜಾಗ ಯಾರಿಗಾದರೂ ಗೊತ್ತಿರಲೇಬೇಕು. ಖಾತೆಯ ಹಣಕ್ಕೆ ಇದಾವುದೂ ಇಲ್ಲ. ಅದು ಮೊದಲ ಖಾತೆಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗಿ, ಸ್ವಲ್ಪ ಎಟಿಎಂನಿಂದ ನಗದಾಗಿ, ಸ್ವಲ್ಪ ಕ್ರಿಪ್ಟೊ ನಾಣ್ಯವಾಗಿ ದೇಶ ದಾಟುತ್ತದೆ.

ನಡುವಿನ ಈ ಖಾತೆಗಳಿಗೆ ಮ್ಯೂಲ್ ಖಾತೆ, ಅಂದರೆ ಬೇರೆಯವರ ಹೊರೆ ಹೊರುವ ಹೇಸರಗತ್ತೆಯಂಥ ಖಾತೆ ಎಂಬ ಹೆಸರಿದೆ. ಬಾಡಿಗೆ ಖಾತೆ ಎಂದರೂ ನಡೆಯುತ್ತದೆ. ಕೆಲಸವಿಲ್ಲದ ಯುವಕರಿಗೆ, ಕಾಲೇಜು ಹುಡುಗರಿಗೆ ಕಮಿಷನ್ ಆಸೆ ತೋರಿಸಿ, ಅವರ ಹೆಸರಿನಲ್ಲಿ ಖಾತೆ ತೆರೆಸಿ, ಎಟಿಎಂ ಕಾರ್ಡು, ಪಾಸ್‌ಬುಕ್ಕು, ಸಿಮ್ಮು ಮೂರನ್ನೂ ಪಡೆದುಕೊಳ್ಳಲಾಗುತ್ತದೆ. ವಂಚಕ ಸಿಗದೆಹೋದರೂ ಪೊಲೀಸರು ಹುಡುಕಿಕೊಂಡು ಬರುವುದು ಈ ಖಾತೆದಾರನ ಮನೆಗೆ. ಹಿಂದೆ ಜಾರ್ಖಂಡಿನ ಜಾಮ್‌ತಾರಾ ಮತ್ತು ಹರಿಯಾಣ-ರಾಜಸ್ಥಾನದ ಮೇವಾತ್ ಪ್ರದೇಶ ಈ ದಂಧೆಗೆ ಹೆಸರಾಗಿದ್ದವು. ಈಗ ಅದು ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ಗಳಲ್ಲಿ ಬೇಲಿ ಹಾಕಿದ ಆವರಣಗಳೊಳಗೆ ಕಾರ್ಖಾನೆಯಂತೆ ನಡೆಯುತ್ತಿದೆ. ಅಲ್ಲಿ ಕರೆಮಾಡುವವರಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಕೆಲಸದ ಆಸೆಗೆ ಹೋಗಿ ಪಾಸ್‌ಪೋರ್ಟ್ ಕಳೆದುಕೊಂಡು ಒತ್ತೆಯಾದವರು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರಿನ ಮ್ಯಾವಡ್ಡಿಯಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ಎರಡು ವಿಮಾನಗಳಲ್ಲಿ ಕರೆತರಲಾಯಿತು.

ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆಯು 2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. 2008ರ ತಿದ್ದುಪಡಿಯಿಂದ ಸೇರಿದ 66ಸಿ ಮತ್ತು 66ಡಿ ಕಲಂಗಳು ಬೇರೊಬ್ಬರ ಗುರುತನ್ನು ಕದಿಯುವುದಕ್ಕೂ ಬೇರೊಬ್ಬರಂತೆ ನಟಿಸಿ ಕಂಪ್ಯೂಟರ್ ಸಾಧನದಿಂದ ಮೋಸ ಮಾಡುವುದಕ್ಕೂ ಮೂರು ವರ್ಷಗಳವರೆಗಿನ ಸೆರೆ ಮತ್ತು ದಂಡವನ್ನು ವಿಧಿಸುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಜನರ ಬಾಯಲ್ಲಿ ಇನ್ನೂ "ಫೋರ್ ಟ್ವೆಂಟಿ" ಎಂದೇ ಉಳಿದಿರುವ ವಂಚನೆಯ ಅಪರಾಧ 318ನೆಯ ಕಲಮಿಗೆ ಸರಿದಿದೆ. ಕರ್ನಾಟಕವು 2001ರಲ್ಲಿಯೇ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆ ಪ್ರತ್ಯೇಕ ಠಾಣೆ ತೆರೆದು ದೇಶಕ್ಕೆ ಮೊದಲಾಯಿತು. ಆಮೇಲೆ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳು, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಠಾಣೆಗಳು ಬಂದವು. ಹೊನ್ನಾಳಿ ಸೀಮೆಗೆ ಸಂಬಂಧಿಸಿದ ಇಂಥ ಠಾಣೆ ಇರುವುದು ದಾವಣಗೆರೆ ನಗರದಲ್ಲಿ.

ಹಣ ಕಳೆದುಕೊಂಡವರಿಗೆ ಹೆಚ್ಚು ಸಂಬಂಧಪಡುವುದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಸಹಕಾರಿ ಬ್ಯಾಂಕುಗಳಿಗೂ ವಿಸ್ತರಿಸಲಾಯಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ನಡೆದ ಅನಧಿಕೃತ ವ್ಯವಹಾರವನ್ನು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆಯ ಮಿತಿ 10,000 ರೂಪಾಯಿ. ಆದರೆ ಒಟಿಪಿ, ಪಿನ್ ಮುಂತಾದವನ್ನು ಗ್ರಾಹಕನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದೇ. ಈ ಸುತ್ತೋಲೆಯ ಕೊರತೆ ಇರುವುದು ಇಲ್ಲಿಯೇ. ಮೋಸಗಾರನ ಮಾತಿಗೆ ಬಲಿಯಾಗಿ ಪಿನ್ ಒತ್ತಿದವನೂ ಅಜಾಗರೂಕತೆಯಿಂದ ಪಿನ್ ಹಂಚಿಕೊಂಡವನೂ ಅದರ ಕಣ್ಣಿಗೆ ಒಂದೇ ಆಗುತ್ತಾರೆ, ಮತ್ತು ನಡೆಯುವ ವಂಚನೆಗಳಲ್ಲಿ ದೊಡ್ಡ ಪಾಲು ಮೊದಲನೆಯ ಬಗೆಯದು.

ದೂರು ಮತ್ತು ಹಣದ ಮರಳಿಕೆ

ಹಣ ಹೋಯಿತೆಂದು ತಿಳಿದ ಕೂಡಲೆ ಮಾಡಬೇಕಾದದ್ದು 1930 ಸಂಖ್ಯೆಗೆ ಕರೆ. ಮೊದಲು 155260 ಆಗಿದ್ದ ಈ ರಾಷ್ಟ್ರೀಯ ಸಹಾಯವಾಣಿಯು, 2021ರಲ್ಲಿ ರೂಪುಗೊಂಡ ವ್ಯವಸ್ಥೆಯೊಂದರ ಮೂಲಕ ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಪರದೆಗೆ ಜೋಡಿಸಿ, ಹಣವು ಯಾವ ಖಾತೆಯಲ್ಲಿ ನಿಂತಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಸುತ್ತದೆ. 2025ರ ಜುಲೈನ ಅದೇ ಸಂಸತ್ ಉತ್ತರದ ಪ್ರಕಾರ ಹೀಗೆ ಉಳಿಸಲಾದ ಮೊತ್ತ 5,489 ಕೋಟಿ ರೂಪಾಯಿಗೂ ಹೆಚ್ಚು. ಕರೆಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ಹೊತ್ತು, ಮತ್ತು ಎಸ್‌ಎಂಎಸ್‌ನಲ್ಲಿ ಬರುವ ಹನ್ನೆರಡಂಕಿಯ ಯುಟಿಆರ್ ಅಂದರೆ ವ್ಯವಹಾರ ಸಂಖ್ಯೆ ಕೈಯಲ್ಲಿರಬೇಕು. ಊರಿನ ಹಿರಿಯರನ್ನು ಕೇಳಿ, ನಾಳೆ ದಾವಣಗೆರೆಗೆ ಹೋಗಿ ದೂರು ಕೊಟ್ಟರಾಯಿತೆಂದು ಕಾಯುವುದು ಹಣದ ಮಟ್ಟಿಗೆ ಹೆಚ್ಚು ನಷ್ಟದ ಕೆಲಸ. ಮೊದಲ ಒಂದೆರಡು ಗಂಟೆಗಳಲ್ಲಿ ತಡೆಯಬಹುದಾದದ್ದನ್ನು ಮರುದಿನ ತಡೆಯಲಾಗುವುದಿಲ್ಲ. ಕರೆಯ ನಂತರ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರನ್ನು ಲಿಖಿತವಾಗಿ ದಾಖಲಿಸಬೇಕು. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ವ್ಯಾಪ್ತಿ ಬೇರೆಯೆಂದು ಅದನ್ನು ನಿರಾಕರಿಸುವಂತಿಲ್ಲ. ಹಣ ಹೋಗದೆ ಅನುಮಾನದ ಕರೆ ಮಾತ್ರ ಬಂದಿದ್ದರೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ "ಚಕ್ಷು" ವಿಭಾಗದಲ್ಲಿ ತಿಳಿಸಬಹುದು. ಬ್ಯಾಂಕು ಮೂವತ್ತು ದಿನಗಳೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುವ ಅವಕಾಶವಿದೆ, ಮಾಹಿತಿಗೆ 14448.

ತಡೆಹಿಡಿದ ಹಣ ತಾನಾಗಿಯೇ ಖಾತೆಗೆ ಮರಳುವುದಿಲ್ಲ. ಸಾಮಾನ್ಯವಾಗಿ ಅದನ್ನು ಬಿಡಿಸಿಕೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಆದೇಶ ಪಡೆಯಬೇಕಾಗುತ್ತದೆ. ಆ ಅರ್ಜಿಗೆ 1930ರಿಂದ ಎಸ್‌ಎಂಎಸ್ ಮೂಲಕ ಬಂದ ಸ್ವೀಕೃತಿ ಸಂಖ್ಯೆ ಮತ್ತು ಬ್ಯಾಂಕಿನ ಮುದ್ರೆ ಬಿದ್ದ ಸ್ಟೇಟ್‌ಮೆಂಟ್ ಬೇಕಾಗುವುದರಿಂದ, ದೂರು ಕೊಟ್ಟವರು ಆ ಎಸ್‌ಎಂಎಸ್ಸನ್ನು ಅಳಿಸದೆ, ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು.